ವರ್ನಾಳ ಹನ್ನೊಂದು ದಿನ

ಪಕ್ಕದ ಮನೆಯ ವರ್ನಾ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು. ನಿವೃತ್ತಿಯಾದ ಮೇಲೆ ತನ್ನ ಖಾಲಿ ಕುದುರೆ ಲಾಯದಲ್ಲಿ ದೂರದರ್ಶಕ ಕೂರಿಸಿದಳು. ರಾತ್ರಿಯ ಆಕಾಶ ತಿಳಿಯಾಗಿರುವ ಅರಿಜೋನಾದ ನಮ್ಮ ಊರಿನಲ್ಲಿ ಅದೇನೂ ದೊಡ್ಡ ವಿಷಯವಲ್ಲ. ಪುಟ್ಟ ಕೆಂಪು ನಕ್ಷತ್ರವೊಂದರ ಬೆಳಕು ಹನ್ನೊಂದು ದಿನಕ್ಕೊಮ್ಮೆ ಕೊಂಚ ಕುಗ್ಗುತ್ತದೆ, ಗ್ರಹವೊಂದು ಅದರ ಮುಂದೆ ಹಾಯುತ್ತಿರಬಹುದು, ನೋಡಿ ಹೇಳಿ ಎಂದು ವಿಶ್ವವಿದ್ಯಾಲಯದವರು ಇಂಥ ಹವ್ಯಾಸಿಗಳನ್ನು ಕೇಳಿದ್ದರು. ವರ್ನಾ ನೋಡಿದಳು, ಕುಗ್ಗಿತ್ತು, ಬರೆದು ಕಳಿಸಿದಳು. ಅವರು ಒಪ್ಪದೆ ಪತ್ರ ಬರೆದರು. ಆ ಪತ್ರ ಹಿಡಿದು ನನ್ನ ಅಡುಗೆಮನೆಗೆ ಬಂದಳು.

"ಪಕ್ಕದಲ್ಲೇ ಇನ್ನೊಂದು ನಕ್ಷತ್ರ ಇದೆಯಂತೆ ಓಪಲ್. ಕುಗ್ಗಿದ್ದು ಅದೇ ಇರಬಹುದಂತೆ. ಮುಂದಿನ ಸಲವೂ ಯಾವುದು ಅಂತ ತಿಳೀದಿದ್ರೆ, ಗ್ರಹ ಇರಬಹುದಾದ ನಕ್ಷತ್ರಗಳ ಪಟ್ಟಿಯಿಂದ ನಮ್ಮದನ್ನ ತೆಗೀತಾರಂತೆ."

"ಎರಡಿವೆ ಅಂತ ನಿಂಗೆ ಕಾಣ್ಲಿಲ್ವೇನೆ?"

"ಬೆಳಕಿನ ಅಳತೆ ಏರುಪೇರಾಗಬಾರದು ಅಂತ ನಾವೆಲ್ಲ ಬೇಕಂತಲೇ ಚಿತ್ರ ಮಸುಕು ಮಾಡ್ತೀವಿ. ಹಾಗೆ ಮಾಡಿ ಎರಡನ್ನೂ ಮೊಟ್ಟೆ ಥರ ಕಲಸಿಬಿಟ್ಟೆ ಕಣೆ!"

"ಬಸ್ಸೂ ಹೀಗೇ ಓಡಿಸ್ತಿದ್ಯಾ?"

"ಬಾಯ್ಮುಚ್ಕೊಂಡು ಕಾಫಿ ಕೊಡು."

ಬೆಳಕು ಮತ್ತೆ ಕುಗ್ಗಬೇಕಿದ್ದ ಹನ್ನೊಂದನೆಯ ರಾತ್ರಿ, ಎರಡೂ ನಕ್ಷತ್ರಗಳು ಸೂಜಿಮೊನೆಯಂತೆ ಬೇರೆಬೇರೆ ಕಾಣುವವರೆಗೂ ಚಳಿಯಲ್ಲಿ ಕೂತು ದೂರದರ್ಶಕದ ತಿರುಪು ತಿರುಗಿಸಿದಳು. ನನ್ನ ಗಂಡನ ಹಳೆಯ ಕಂಬಳಿ ತಂದು ಹೊದಿಸಿದೆ. ಕಂಪ್ಯೂಟರ್ ಪರದೆಯ ಮೇಲೆ ಪಕ್ಕದ ನಕ್ಷತ್ರದ ಬೆಳಕಿನ ಅಳತೆ ತೋರಿಸುವ ಚುಕ್ಕೆಗಳು ನೆಟ್ಟಗೆ ಸಾಗಿದವು. ಕೆಂಪು ನಕ್ಷತ್ರದವು ಮಾತ್ರ ಬಟ್ಟಲಿನಂತೆ ಕೆಳಗಿಳಿದು ಮತ್ತೆ ಮೇಲೆ ಬಂದವು.

ನಾನು ಕುಣಿಯುವುದೊಂದು ಬಾಕಿ. ವರ್ನಾ ಎದ್ದು ಕ್ಯಾಲೆಂಡರಿನಲ್ಲಿ ಮುಂದಿನ ಹನ್ನೊಂದನೆಯ ದಿನಕ್ಕೆ ಗುರುತು ಹಾಕಿದಳು.

"ಇನ್ನೊಂದ್ಸಲ ಹಿಡೀತೀನಿ," ಎಂದಳು. "ಆಮೇಲೆ ಯಾರು ಅಲ್ಲ ಅಂತಾರೋ ನೋಡೋಣ."