ತಾಯಕ್ಕನಿಗೆ ಕೊಟ್ಟ ಮಾತು

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಕೊಟ್ರಯ್ಯನವರು ಎಂದರೆ ಸಾವಿನ ಮನೆಯ ಧೈರ್ಯ. ಜಂಗಮರ ಮನೆತನ. ಭಕ್ತರು ತೀರಿಕೊಂಡರೆ ಶವದ ಮುಂದೆ ಬರಿಗಾಲಲ್ಲಿ ನಡೆದುಹೋಗಿ, ರುದ್ರಭೂಮಿಯಲ್ಲಿ ಮೊದಲ ವಿಭೂತಿ, ಬಿಲ್ವಪತ್ರೆ ಹಾಕುವವರು ಅವರೇ. ಅಳುವವರನ್ನೆಲ್ಲ ಸಮಾಧಾನ ಮಾಡಿ, ಮನೆಗೆ ಬಂದು ಹೊಟ್ಟೆ ತುಂಬ ಉಣ್ಣುತ್ತಿದ್ದರು.

ಅಂಥವರು ಹೋದ ವರ್ಷ ಶವಯಾತ್ರೆಯ ನಡುವೆಯೇ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. "ಇನ್ನು ದಿನಾ ನಡೀಬೇಕು. ಕೂತರೆ ಮತ್ತೆ ಇಲ್ಲಿಗೇ ಬರ್ತೀರಿ" ಎಂದರು ಡಾಕ್ಟರು. ಹೆದರಿಸಿದರೆ ನಡೆದಾರು ಎಂದು ಅವರ ಎಣಿಕೆ. ಇವರು ಹೆದರಿ ಕುಳಿತೇ ಬಿಟ್ಟರು.

ಹೆದರಿಕೆ ಅಂತಿಂಥದ್ದಲ್ಲ. ಮೆಟ್ಟಿಲು ಇಳಿದರೆ ಎದೆ ಡವಡವ. ಡವಡವ ಎಂದದ್ದಕ್ಕೇ ಇನ್ನಷ್ಟು ಡವಡವ. ಮಗಳು ಭವ್ಯ ತಂದ ಬೂಟು ಕಪಾಟಿನಲ್ಲೇ ಉಳಿಯಿತು.

"ನಿನ್ನ ಸಲುವಾಗ್ಯಾದ್ರೂ ನಡಿಯಪ್ಪ" ಎಂದಳು ಅವಳು.

"ತನ್ನ ಸಲುವಾಗಿ ಯಾರರ ನಡೀತಾರೇನವ್ವ" ಎಂದು ಗೋಡೆ ಕಡೆ ಹೊರಳಿದರು. ಸಾವಿನ ಮನೆಗಳಿಗೆ ಆಟೋದಲ್ಲಿ ಹೋಗತೊಡಗಿದರು. ಹೆಣ ಮುಂದೆ, ಅಯ್ಯನ ಆಟೋ ಹಿಂದೆ, ನೋಡಲಾಗುತ್ತಿರಲಿಲ್ಲ.

ಹಿಂದಿನ ಓಣಿಯ ಮುದುಕಿ ತಾಯಕ್ಕ ಹಾಸಿಗೆ ಹಿಡಿದಾಗ ಅವರನ್ನು ಮನೆಗೆ ಕರೆಸಿಕೊಂಡಳು.

"ಅಯ್ಯಾರ, ನಮ್ಮತ್ತಿ ಮುಂದ ನಿಮ್ಮಪ್ಪಾರು ನಡದ್ರು. ನಮ್ಮ ಯಜಮಾನ್ರ ಮುಂದ ನೀವು ನಡದ್ರಿ. ನನಗ ಆಟೋ ಬ್ಯಾಡ್ರಿ."

ಡಾಕ್ಟರ ಮಾತು ಎದೆಗೆ ತಾಗಿತ್ತು. ಇದು ಇನ್ನೂ ಒಳಗೆ ತಾಗಿತು. ಜೀವ ಹೋದರೆ ಹೋದೀತು, ಮನೆತನದ ನಡಿಗೆ ತಮ್ಮ ಕಾಲಲ್ಲಿ ನಿಂತುಹೋದರೆ ಏನು ಗತಿ? "ಆಗಲಿ ತಾಯಕ್ಕ" ಎಂದುಬಿಟ್ಟರು.

ಮರುದಿನ ಬೆಳಿಗ್ಗೆ ಎದೆಯ ಮೇಲೆ ಕೈಯಿಟ್ಟುಕೊಂಡು ಹೊರಬಿದ್ದರು. ಹಿಟ್ಟಿನ ಗಿರಣಿ ತಲುಪುವಷ್ಟರಲ್ಲಿ, ಇಲ್ಲೇ ಬಿದ್ದರೆ ಯಾರು ನೋಡುತ್ತಾರೆ ಎಂದು ಕಂಬ ಹಿಡಿದು ನಿಂತರು. ಆಮೇಲೊಂದು ದಿನ ಕಾಲುವೆಯವರೆಗೆ ಹೋದರು. ಕೊನೆಗೆ ರುದ್ರಭೂಮಿಯ ಗೇಟಿನವರೆಗೆ. ಊರವರೆಲ್ಲ ಅಲ್ಲಿಗೆ ಹೋಗುವುದು ತಡವಾಗಲಿ ಎಂದು ನಡೆದರೆ, ಇವರು ದಿನಾ ಅಲ್ಲಿಗೇ ನಡೆದರು! ಭಯ ಮಾತ್ರ ಬೀದಿನಾಯಿಯ ಹಾಗೆ ಬೆನ್ನು ಬಿಡಲಿಲ್ಲ. ಅದರ ಜೊತೆಗೆ, ಕಾಲು ಗಟ್ಟಿಯಾಗುವ ಮೊದಲೇ ತಾಯಕ್ಕ ಹೋಗಿಬಿಟ್ಟರೆ ಎಂಬ ಇನ್ನೊಂದು ಭಯ ಸೇರಿಕೊಂಡಿತು.

ಶ್ರಾವಣ ಮುಗಿಯುವುದರೊಳಗೆ ಅವಳು ಹೋದಳು. ಸುಡುವ ಮಧ್ಯಾಹ್ನ.

"ಬಿಸಿಲು ಭಾಳ ಐತ್ರಿ ಅಯ್ಯಾರ, ಆಟೋ ಕರಸ್ತೀನಿ" ಎಂದ ಅವಳ ಮಗ. ಬೇಡವೆಂದು ತಲೆಯಾಡಿಸಿ ಮುಂದೆ ಹೊರಟರು. ಹೋದ ವರ್ಷ ಕುಸಿದ ಜಾಗ ಬಂದಾಗ ನಿಂತುಬಿಟ್ಟರು. ತಿರುಗಿ ನೋಡಿದರು. ಹೊತ್ತವರ ಹೆಗಲ ಮೇಲೆ, ಹೂವಿನ ವಿಮಾನದಲ್ಲಿ ತಾಯಕ್ಕ ಕುಳಿತಿದ್ದಳು, ಇವರು ಮುಂದೆ ಹೋಗಲೆಂದು ಕಾದವಳ ಹಾಗೆ. ಹೆಜ್ಜೆ ಇಟ್ಟರು. ಗುಂಡಿಯೊಳಗೆ ಮೊದಲ ವಿಭೂತಿ ಹಾಕುವಾಗ, ಉಳಿದವರನ್ನು ಸಮಾಧಾನ ಮಾಡಬೇಕಾದ ಅಯ್ಯ ಬಿಕ್ಕಿಬಿಕ್ಕಿ ಅತ್ತರು.

ವಾಪಸು ಬರುವಾಗ ಹೊಸದೊಂದು ಭಯ ಹಿಡಿಯಿತು. ಮಾತು ತೀರಿತು, ನಾಳೆ ಬೆಳಿಗ್ಗೆ ಯಾರ ಸಲುವಾಗಿ ಏಳುವುದು? ಮತ್ತೆ ಅದೇ ಗೋಡೆ, ಅದೇ ಡವಡವ.

ಓಣಿಯ ಕಟ್ಟೆಯ ಮೇಲೆ, ತಾಯಕ್ಕನ ಓರಗೆಯ ತೋಟಪ್ಪ ಕೋಲು ಹಿಡಿದು ಕುಳಿತಿದ್ದ.

"ಅಯ್ಯಾರ, ಆಕಿ ಮುಂದ ನಡದ್ರಿ. ನನ್ನ ಮುಂದನೂ ನಡೀತೀರೇನ್ರಿ?"

ಕೊಟ್ರಯ್ಯನವರು ಎದೆ ಮೇಲಿನ ಕೈ ತೆಗೆದರು.

"ನಡೀತೀನಿ ತೋಟಪ್ಪ. ನೀವು ಒಂದೀಟು ತಡಾ ಮಾಡ್ರಿ, ಅಷ್ಟ."