ಟ್ಯಾಂಕಿನ ತಳದ ನೀರು

ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೆ ಒತ್ತಿ, ಇನ್ನೊಂದನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚಿಕೊಳ್ಳುತ್ತಿದ್ದ ಆ ಮೆಕ್ಯಾನಿಕ್ಕನ್ನು ಊರಿನವರು ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಅವನನ್ನು ಈ ಕೆಲಸ ಕಲಿಯಲು ಕಳಿಸಿದವಳು ಅಕ್ಕ. ತಾಯಿ ತೀರಿಕೊಂಡ ಮೇಲೆ ಅವನ ತಲೆ ಬಾಚಿ ಶಾಲೆಗೆ ಬಿಟ್ಟು ಬರುತ್ತಿದ್ದವಳೂ ಅವಳೇ. ಭಾವ ಹೋದ ನಂತರ ಅವರ ಪೆಟ್ರೋಲ್ ಬಂಕನ್ನು ಅಕ್ಕ ಒಬ್ಬಳೇ ನಡೆಸುತ್ತಿದ್ದಳು. ರಸ್ತೆಯ ಆಚೆ ಬಂಕು, ಈಚೆ ಗ್ಯಾರೇಜು. ಮಧ್ಯಾಹ್ನ ಅವಳು ಊಟದ ಡಬ್ಬಿ ಹಿಡಿದು ರಸ್ತೆ ದಾಟಿ ಬಂದರೆ, ಇಬ್ಬರೂ ಗೋಡೆಗೆ ಒರಗಿಸಿದ್ದ ಹಳೆಯ ಕಾರಿನ ಸೀಟಿನ ಮೇಲೆ ಕೂತು ಉಣ್ಣುತ್ತಿದ್ದರು.

ಬಿಡದೆ ಮಳೆ ಹಿಡಿದಿದ್ದ ದಿನಗಳು. ಒಂದು ಬೆಳಿಗ್ಗೆ ಆಸ್ಪತ್ರೆಯ ನರ್ಸ್ ಒಬ್ಬಳು ತನ್ನ ಕಾರನ್ನು ಕುಂಟಿಸಿಕೊಂಡು ಬಂದಳು. ಎಂಜಿನ್ ನಿಂತಲ್ಲೇ ಗಡಗಡ ನಡುಗುತ್ತಿತ್ತು.

"ನಿನ್ನೆ ತನಕ ಚೆನ್ನಾಗೇ ಓಡ್ತಿತ್ತು. ಈಗ ಒತ್ತಿದ್ರೆ ಕೆಮ್ಮುತ್ತೆ, ಬಿಟ್ರೆ ಸಾಯುತ್ತೆ."

"ನಿನ್ನೆ ಏನಾದ್ರೂ ಮಾಡಿಸಿದ್ರಾ?"

"ಏನಿಲ್ಲ. ಸಂಜೆ ಎದುರಿನ ಬಂಕಲ್ಲಿ ಪೆಟ್ರೋಲ್ ಹಾಕಿಸ್ದೆ, ಅಷ್ಟೆ."

ಅವನು ಸ್ಪಾರ್ಕ್ ಪ್ಲಗ್ಗುಗಳನ್ನು ಒಂದೊಂದಾಗಿ ಬಿಚ್ಚಿದ. ಒದ್ದೆಯಾಗಿದ್ದವೇ ಹೊರತು ಕೆಟ್ಟಿರಲಿಲ್ಲ. ಕಿಡಿಗೆ ಕರೆಂಟು ಕೊಡುವ ಕಾಯಿಲ್ ಬದಲಿಸಿ ನೋಡಿದ; ನಡುಕ ಹೋಗಲಿಲ್ಲ. ಕೊನೆಗೆ ಟ್ಯಾಂಕಿನಿಂದ ಒಂದಷ್ಟು ಪೆಟ್ರೋಲನ್ನು ಗಾಜಿನ ಸೀಸೆಗೆ ಇಳಿಸಿ ಕಿಟಕಿಯಲ್ಲಿಟ್ಟ. ನೋಡುತ್ತಿದ್ದಂತೆ ಅದು ಎರಡು ಪಾಲಾಯಿತು. ಮೇಲೆ ಪೆಟ್ರೋಲು, ತಳದಲ್ಲಿ ಮಬ್ಬು ನೀರು. ಅವನ ಕಣ್ಣು ತಾನಾಗಿ ರಸ್ತೆಯಾಚೆ ಹೋಯಿತು.

"ಟ್ಯಾಂಕಿಗೆ ನೀರು ಸೇರಿದೆ," ಎಂದ.

"ನೀರಾ? ಎಲ್ಲಿಂದ?"

"ಮಳೆ ಅಲ್ವಾ. ಮುಚ್ಚಳ ಸರಿಯಾಗಿ ಕೂತಿರಲಿಲ್ಲವೇನೋ."

ಟ್ಯಾಂಕ್ ಬರಿದು ಮಾಡಿದ, ಕೊಳವೆ ತೊಳೆದ, ಫಿಲ್ಟರ್ ಬದಲಿಸಿದ, ಪ್ಲಗ್ಗು ಒಣಗಿಸಿದ, ಬೇರೆ ಕಡೆಯ ಪೆಟ್ರೋಲ್ ತುಂಬಿದ. ಎಂಜಿನ್ ಹದಕ್ಕೆ ಬಂತು. ನರ್ಸ್ ಕೈ ಮುಗಿದು ಹೊರಟಾಗ ಅವನಿಗೆ ಮುಖ ಎತ್ತಲಾಗಲಿಲ್ಲ.

ಊಟದ ಹೊತ್ತಿಗೆ ಸೀಸೆಯನ್ನು ಅಕ್ಕನ ಮುಂದಿಟ್ಟ. "ನಿನ್ನ ಬಂಕಿನದ್ದು. ಒಂದ್ಸಲ ಅಳತೆ ಕಡ್ಡಿ ಇಳಿಸಿ ನೋಡು."

ಕಡ್ಡಿಯ ತುದಿಗೆ ಒಂದು ಬಗೆಯ ಮುಲಾಮು ಸವರುತ್ತಾರೆ. ನೀರು ತಾಗಿದರೆ ಅದರ ಬಣ್ಣ ಬದಲಾಗುತ್ತದೆ.

"ಬೆಳಿಗ್ಗೆನೇ ನೋಡಿದ್ದೀನಿ," ಎಂದಳು ಅಕ್ಕ. "ಸ್ವಲ್ಪ ಇದೆ. ಎಲ್ಲಾ ಬಂಕಲ್ಲೂ ಸ್ವಲ್ಪ ಇರುತ್ತೆ. ಈಗ ಬಂಕು ಮುಚ್ಚಿ ನೆಲ ಅಗೆಸಿದ್ರೆ ಮತ್ತೆ ತೆರೆಯೋದುಂಟಾ? ಮಳೆ ನಿಲ್ಲಲಿ, ನೋಡೋಣ."

"ಅಲ್ಲೀ ತನಕ?"

"ಅಲ್ಲೀ ತನಕ ನಿನಗೆ ಕೈತುಂಬ ಕೆಲಸ," ಎಂದು ಅವಳು ನಕ್ಕಳು.

ಕೆಲಸವೇನೋ ಬಂತು. ಬೇಕರಿಯ ವ್ಯಾನು, ಮೇಷ್ಟರ ಕಾರು, ಮತ್ತೆ ಕೆಲವು. ಎಲ್ಲಕ್ಕೂ ಅದೇ ಕೆಮ್ಮು. ಒಬ್ಬರಿಗೆ ಮುಚ್ಚಳ ಎಂದ, ಇನ್ನೊಬ್ಬರಿಗೆ ಹಳೇ ಫಿಲ್ಟರ್ ಎಂದ. ಯಾರಿಗೆ ಏನು ಹೇಳಿದೆ ಎಂಬುದೇ ಅವನಿಗೆ ಕಲಸುಮೇಲೋಗರವಾಗತೊಡಗಿತು.

ಆಮೇಲೊಂದು ದಿನ ನರ್ಸಿನ ಕಾರನ್ನು ಎಳೆದುಕೊಂಡು ಬಂದರು. ಹಿಂಭಾಗ ನುಜ್ಜುಗುಜ್ಜಾಗಿತ್ತು. ಎದುರಿನ ಬಂಕಲ್ಲೇ ಮತ್ತೆ ಪೆಟ್ರೋಲ್ ಹಾಕಿಸಿ, ತಂದೆಯನ್ನು ಕೂರಿಸಿಕೊಂಡು ಹೋಗುತ್ತಿದ್ದಾಗ ಮೇಲುಸೇತುವೆಯ ಮಧ್ಯೆ ಎಂಜಿನ್ ನಿಂತುಹೋಗಿ, ಹಿಂದಿನ ಲಾರಿ ಗುದ್ದಿತ್ತು. ಅವಳಿಗೇನೂ ಆಗಿರಲಿಲ್ಲ. ತಂದೆಯ ಭುಜದ ಮೂಳೆ ಮುರಿದಿತ್ತು.

"ಮುಚ್ಚಳ ಸರಿಯಿಲ್ಲ ಅಂತ ನೀವು ಹೇಳಿದ್ದಕ್ಕೆ ಹೊಸದು ಹಾಕಿಸಿದ್ದೆ," ಎಂದಳು ನರ್ಸ್. "ಆದ್ರೂ ಯಾಕೆ ಹೀಗಾಯ್ತು?"

ಆ ಮುಚ್ಚಳ ಹೊಳೆಯುತ್ತಿತ್ತು. ಅವನು ಅದನ್ನೇ ನೋಡುತ್ತಾ ನಿಂತ.

"ಮುಚ್ಚಳದ್ದಲ್ಲಮ್ಮ. ಬಂಕಿನ ಪೆಟ್ರೋಲಲ್ಲೇ ನೀರಿದೆ. ನನಗೆ ಮೊದಲ ದಿನವೇ ಗೊತ್ತಿತ್ತು."

ಅವಳು ತಿರುಗಿ ರಸ್ತೆಯಾಚೆ ನೋಡಿದಳು. "ಅದು ನಿಮ್ಮ ಅಕ್ಕನ ಬಂಕಲ್ವಾ?"

"ಹೌದು."

"ಇದನ್ನ ಅಧಿಕಾರಿಗಳ ಮುಂದೆ ಹೇಳ್ತೀರಾ?"

"ಹೇಳ್ತೀನಿ."

ಅಧಿಕಾರಿಗಳ ಬಳಿ ಹೋಗುವ ಮೊದಲು ರಸ್ತೆ ದಾಟಿ ಅಕ್ಕನಿಗೂ ಹೇಳಿದ. ಅವಳು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಲಿಲ್ಲ. "ನಿನ್ನಿಷ್ಟ," ಎಂದಳು.

ಬಂಕಿಗೆ ಬೀಗಮುದ್ರೆ ಬಿತ್ತು. ನೆಲ ಅಗೆದಾಗ ಟ್ಯಾಂಕಿನ ಮೈಯಲ್ಲಿ ತುಕ್ಕು ತಿಂದ ತೂತು ಸಿಕ್ಕಿತು. ಅಕ್ಕನ ಊಟದ ಡಬ್ಬಿ ಬರುವುದು ನಿಂತಿತು. ಬದಲಿಗೆ ಚಿಕ್ಕಮ್ಮ ಬಂದಳು.

"ಒಡಹುಟ್ಟಿದವಳಿಗೆ ಮುಂಚೆ ಒಂದು ಮಾತು ಹೇಳೋಕಾಗ್ಲಿಲ್ವಾ ನಿನಗೆ? ನೇರ ಹೋಗಿ ಚಾಡಿ ಹೇಳಿದೆಯಂತೆ. ಅವಳು ಅತ್ತುಕೊಂಡು ಹೇಳಿದ್ಲು."

ಅವನು ನಟ್ಟು ಬಿಗಿಯುತ್ತಲೇ ಇದ್ದ. ಅಕ್ಕ ಸುಳ್ಳು ಹೇಳಿದ್ದಾಳೆ ಎನ್ನಲು ಬಾಯಿ ಬರಲಿಲ್ಲ. ತಾನೇ ಆಡಿದ ಸುಳ್ಳುಗಳು ಕಡಿಮೆಯಿರಲಿಲ್ಲ. ನೆಂಟರ ಮನೆಗಳಿಂದ ಅವನಿಗೆ ಕರೆ ಬರುವುದು ಕಡಿಮೆಯಾಯಿತು.

ಹೊಸ ಟ್ಯಾಂಕ್ ಹೂಳಿಸಿ ಬಂಕು ಮತ್ತೆ ತೆರೆಯಿತು. ಗಾಡಿಗಳು ಮಾತ್ರ ಅದನ್ನು ದಾಟಿ ಮುಂದಿನ ಬಂಕಿಗೇ ಹೋಗುತ್ತಿದ್ದವು. ಒಂದು ಮಧ್ಯಾಹ್ನ ಅಕ್ಕ ಗ್ಯಾರೇಜಿಗೆ ಬಂದು ಬಾಗಿಲಲ್ಲೇ ನಿಂತಳು. ತಲೆಯಲ್ಲಿ ಬಿಳಿ ಕೂದಲು ಹೆಚ್ಚಾಗಿತ್ತು.

"ನೀನು ನನಗೆ ಹೇಳಲೇ ಇಲ್ಲ ಅಂತ ಎಲ್ಲರ ಹತ್ರ ಹೇಳಿದ್ದೀನಿ."

"ಗೊತ್ತು."

"ಈಗ ಅದನ್ನ ವಾಪಸ್ ತಗೊಳ್ಳೋಕೆ ನನ್ನಿಂದ ಆಗಲ್ಲ ಕಣೋ."

"ಬೇಡ ಬಿಡು."

ಅವಳು ಹೋಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೇಳಿದಳು: "ಆ ನರ್ಸಿನ ಅಪ್ಪ ಹೇಗಿದ್ದಾರೆ?"

"ಬಲಗೈ ಮೇಲೆ ಎತ್ತೋಕಾಗಲ್ಲ. ಅಂಗಿ ಹಾಕೋಕೂ ಮಗಳೇ ಬೇಕು."

ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬಂಕಿನಲ್ಲಿ ಯಾರೋ ಹಾರ್ನ್ ಹೊಡೆದರು. ಅವಳು ಅವಸರದಿಂದ ರಸ್ತೆ ದಾಟಿದಳು.