ಎರಡು ಕೊಳವೆಯ ದೋಣಿ, ಮೂರು ಕೊಳವೆಯ ದೋಣಿ

ಜಿದ್ದಾದಲ್ಲಿ ನನಗೆ ವೀಸಾ ಕೊಡಿಸಿದ ಮಾಲೀಕರಾದ ಕಫೀಲರ ಪೈಪು-ನಲ್ಲಿಗಳ ಅಂಗಡಿಗೆ ಸೇರಿದ ಮೊದಲ ದಿನವೇ ನಾನೊಂದು ಸುಳ್ಳು ಹೇಳಿದ್ದೆ. ಕಾರು ಓಡಿಸಲು ಬರುತ್ತದೆಯೇ ಎಂದು ಅವರು ಕೇಳಿದರು. ಇಲ್ಲ ಎಂದೆ. ಅರಬಿಯಲ್ಲಿ ಟೈಪು ಮಾಡಲು? ಇಲ್ಲ. ಕಂಪ್ಯೂಟರಿನಲ್ಲಿ ದಾಸ್ತಾನು ಬರೆಯಲು? ಅದೂ ಇಲ್ಲ. ಊರು ಎಲ್ಲಿ ಎಂದಾಗ ಉಡುಪಿಯ ಕಡೆ, ಕಡಲ ಹತ್ತಿರ ಎಂದೆ. "ಹಾಗಾದರೆ ದೋಣಿ ಗೊತ್ತಿರಬೇಕಲ್ಲ?" ಎಂದರು. ಮೂರು ಸಲ ಇಲ್ಲ ಎಂದವನಿಗೆ ನಾಲ್ಕನೆಯ ಸಲ ಇಲ್ಲ ಎನ್ನುವ ಧೈರ್ಯ ಬರಲಿಲ್ಲ. ಗೊತ್ತು ಎಂದುಬಿಟ್ಟೆ.

ನಮ್ಮ ಮನೆಗೂ ಕಡಲಿಗೂ ಅರ್ಧ ಮೈಲಿ ಕೂಡ ಇಲ್ಲ. ಆದರೆ ನಾನು ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿದವನಲ್ಲ. ನಮ್ಮದು ದಿನಸಿ ಅಂಗಡಿಯ ಮನೆ. ಬಲೆ ಬೀಸಲು ಹೋದ ನೆರೆಮನೆಯವರೊಬ್ಬರು ಮೂರನೆಯ ದಿನ ದಡಕ್ಕೆ ಬಂದು ಬಿದ್ದಿದ್ದರು. ಅವರ ಮುಖಕ್ಕೆ ಬಟ್ಟೆ ಮುಚ್ಚುವ ಮೊದಲೇ ನಾನು ನೋಡಿಬಿಟ್ಟಿದ್ದೆ. ಆಮೇಲೆ ಉಮ್ಮ ನನ್ನನ್ನು ತೆರೆಯ ಹತ್ತಿರ ಬಿಡಲಿಲ್ಲ. ನನಗೂ ಹೋಗಬೇಕೆನಿಸಲಿಲ್ಲ.

ನನ್ನ ಸುಳ್ಳನ್ನು ನಾಲ್ಕು ವರ್ಷ ಯಾರೂ ಕೆದಕಲಿಲ್ಲ. ಐದನೆಯ ವರ್ಷ ಕಫೀಲರ ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಗಾಲಿಕುರ್ಚಿ ಹಿಡಿದರು. ರಾಬಿಗ್ ಊರಿನ ಆಚೆ, ಕಡಲು ನೆಲದೊಳಕ್ಕೆ ಚಾಚಿಕೊಂಡಿರುವ ಹಿನ್ನೀರಿನ ದಡದಲ್ಲಿ ಕಫೀಲರಿಗೊಂದು ರಜೆಯ ಮನೆಯಿತ್ತು. ಮುದುಕಿ ಅಲ್ಲೇ ಹೆಚ್ಚು ದಿನ ಇರುತ್ತಿದ್ದರು. ಚಿಕ್ಕಂದಿನಲ್ಲಿ ಅಪ್ಪನ ದೋಣಿಯಲ್ಲಿ ಕೂತು ನೋಡಿದಂತೆ ನೀರಿನ ಮೇಲಿಂದ ದಡವನ್ನು ಇನ್ನೊಂದು ಸಲ ನೋಡಬೇಕು ಎಂದು ಅವರು ಮಗನಿಗೆ ಹೇಳಿದರಂತೆ. ಗಾಲಿಕುರ್ಚಿಯನ್ನು ಸಾಧಾರಣ ದೋಣಿಗೆ ಇಳಿಸುವುದು ಸುಲಭವಲ್ಲ. ಪಾಂಟೂನ್ ದೋಣಿ ತೆಗೆದುಕೊಳ್ಳಿ ಎಂದು ಯಾರೋ ಸಲಹೆ ಕೊಟ್ಟರು.

ಕಫೀಲರು ನನ್ನನ್ನು ಕರೆದುಕೊಂಡೇ ದೋಣಿ ಮಾರುವವರ ಅಂಗಳಕ್ಕೆ ಹೋದರು. ಬಾಯಿ ಮುಚ್ಚಿದ ಉದ್ದನೆಯ ಅಲ್ಯೂಮಿನಿಯಂ ಕೊಳವೆಗಳು, ಅವುಗಳ ಮೇಲೆ ಸಮತಟ್ಟಾದ ಹಲಗೆ, ಸುತ್ತ ಕಂಬಿ, ಸೋಫಾದಂಥ ಆಸನ. ಚಾವಡಿಯೊಂದನ್ನು ನೀರಿನ ಮೇಲೆ ಇಟ್ಟ ಹಾಗೆ. ಚಿಕ್ಕದಕ್ಕೆ ಎರಡು ಕೊಳವೆ, ಎಂಟು ಜನ. ದೊಡ್ಡದಕ್ಕೆ ಮೂರು ಕೊಳವೆ, ಹದಿನಾಲ್ಕು ಜನ.

"ನೀನು ಕಡಲಿನವನು. ಯಾವುದು ಒಳ್ಳೆಯದು?" ಎಂದು ಕಫೀಲರು ಕೇಳಿದರು.

ದೊಡ್ಡದಾದರೆ ದೂರ ಹೋಗುತ್ತಾರೆ, ಚಿಕ್ಕದಾದರೆ ದಡದ ಹತ್ತಿರವೇ ಇರುತ್ತಾರೆ ಎಂದು ನನ್ನ ಹೆದರಿಕೆ ಲೆಕ್ಕ ಹಾಕಿತು. "ಚಿಕ್ಕದು, ಮುದೀರ್" ಎಂದೆ. ಯಜಮಾನರನ್ನು ಅಲ್ಲಿ ಹಾಗೆಯೇ ಕರೆಯುವುದು.

"ಶನಿವಾರ ಎರಡನ್ನೂ ನೀರಿಗಿಳಿಸಿ ನೋಡೋಣ. ನೀನೂ ಬಾ."

ಅಂಗಡಿಯ ಲೆಕ್ಕ ನೋಡುತ್ತಿದ್ದ ಭಟ್ಕಳದ ಹಿರಿಯರಿಗೆ ಮಾತ್ರ ನನ್ನ ಗುಟ್ಟು ಗೊತ್ತಿತ್ತು. "ಈಗಲೇ ಹೋಗಿ ಹೇಳಿಬಿಡು ಮಾರಾಯ, ನಂಗೆ ದೋಣಿ ಗೊತ್ತಿಲ್ಲ ಅಂತ. ಅವ್ರೆಂತ ನಿನ್ನನ್ನು ತಿಂತಾರಾ?" ಎಂದರು.

"ಈ ತಿಂಗಳು ಇಕಾಮಾ ರಿನ್ಯೂ ಉಂಟು ಭಾಯಿ" ಎಂದೆ.

ಅದನ್ನು ಮಾಡಿಸಿಕೊಡಬೇಕಾದವರು ಕಫೀಲರೇ. ಕಾಗದಪತ್ರ ಸರಿಯಿಲ್ಲದವರನ್ನು ಊರಿಗೆ ಕಳಿಸುತ್ತಿದ್ದ ಕಾಲ ಅದು. ಅಜೀಜಿಯಾ ಬಡಾವಣೆಯ ನಮ್ಮ ಕಟ್ಟಡದಲ್ಲೇ ಎರಡು ಮನೆಗಳು ಖಾಲಿಯಾಗಿದ್ದವು. ಅಲ್ಲಿರಲು ಬೇಕಾದ ಇಕಾಮಾ ಕಾರ್ಡಿನ ಅವಧಿ ಮುಗಿದರೆ ಮಗಳ ಶಾಲೆ, ಮನೆ, ಎಲ್ಲವೂ ಮುಗಿದ ಹಾಗೆ. ಹೆಂಡತಿಗೆ ವಿಷಯ ಹೇಳಿದಾಗ ಅವಳು ಕಲಸುತ್ತಿದ್ದ ಹಿಟ್ಟಿನಿಂದ ಕೈ ತೆಗೆದು, "ನೀವು ಎಂತಕ್ಕೆ ಗೊತ್ತುಂಟು ಅಂತ ಹೇಳಿದ್ದು? ಈಗ ನೀರಿಗೆ ಬಿದ್ದರೆ ಯಾರಿಗೆ ಹೇಳುವುದು?" ಎಂದಳು.

ಶನಿವಾರ ಬೆಳಿಗ್ಗೆ ಹಿನ್ನೀರು ತಟ್ಟೆಯಲ್ಲಿಟ್ಟ ನೀರಿನಂತೆ ಅಲುಗದೆ ನಿಂತಿತ್ತು. ಮುದುಕಿ ದೋಣಿ ಕಟ್ಟುವ ಧಕ್ಕೆಯ ಮೇಲೆ ಚಪ್ಪರದ ನೆರಳಿನಲ್ಲಿ ಕುರ್ಚಿಯಲ್ಲಿದ್ದರು. ಚಿಕ್ಕ ದೋಣಿಗೆ ನಾವು ಐವರು ಹತ್ತಿದೆವು: ಕಫೀಲರು, ಅವರ ಇಬ್ಬರು ಬೆಳೆದ ಗಂಡುಮಕ್ಕಳು, ದೋಣಿ ನಡೆಸುವ ಈಜಿಪ್ಟಿನವ, ಮತ್ತು ನಾನು. ಆಸನದ ಕೆಳಗೆ ಲೈಫ್ ಜಾಕೆಟ್‌ಗಳಿದ್ದವು. ಯಾರೂ ಹಾಕಿಕೊಳ್ಳಲಿಲ್ಲ. ಕಡಲಿನವನು ನಾನೇ ಮೊದಲು ಹಾಕಿಕೊಳ್ಳುವುದು ಹೇಗೆ?

ಹಿನ್ನೀರಿನೊಳಗೆ ಎಲ್ಲವೂ ಸುಖವಾಗಿಯೇ ಇತ್ತು. ಅಷ್ಟರಲ್ಲಿ ಹಿರಿಯ ಮಗ ಹಿನ್ನೀರು ಕಡಲು ಸೇರುವ ಅಳಿವೆಯ ಕಡೆ ಕೈ ತೋರಿಸಿ "ಯಲ್ಲಾ, ಹೊರಗೆ ಹೋಗೋಣ" ಎಂದ. ಈಜಿಪ್ಟಿನವ ಆಕಾಶ ನೋಡಿ, ಬಡಗಣ ಗಾಳಿ ಏಳುತ್ತಿದೆ ಎಂದ. "ಐದೇ ನಿಮಿಷ" ಎಂದು ಮಗ ಹೇಳಿದ. ಕಫೀಲರು ನನ್ನ ಮುಖ ನೋಡಿದರು. ಬೇಡ ಎಂದು ಹೇಳಬೇಕಾದ ಕ್ಷಣ ಅದು. ನಾನು ಆಗಲಿ ಎಂದು ತಲೆಯಾಡಿಸಿದೆ.

ಅಳಿವೆ ದಾಟಿದ ಕೂಡಲೇ ನೀರಿನ ಬಣ್ಣ ಕಡುನೀಲಿಯಾಯಿತು. ಕೆಳಗೆ ಹವಳದ ಬಂಡೆ ಕಾಣುತ್ತಿದೆ ಎಂದು ಕಿರಿಯ ಮಗ ಕೂಗಿದ. ಅಣ್ಣನೂ ಕಫೀಲರೂ ಎದ್ದು ಮುಂದಕ್ಕೆ ಹೋದರು. "ಬಾ, ನೋಡು" ಎಂದು ನನ್ನನ್ನೂ ಕರೆದರು. ನಾಲ್ವರ ಭಾರಕ್ಕೆ ದೋಣಿಯ ಮೂತಿ ತಗ್ಗಿತು. ಎದುರಿಗೆ ಬಂದದ್ದು ದೊಡ್ಡ ತೆರೆಯೇನಲ್ಲ. ಮಲ್ಪೆಯ ದಡದಲ್ಲಾದರೆ ಅದನ್ನು ತೆರೆ ಎಂದೂ ಕರೆಯುವುದಿಲ್ಲ. ಆದರೆ ದೋಣಿ ಅದರ ಮೇಲೆ ಏರಲಿಲ್ಲ, ಅದರೊಳಕ್ಕೆ ಮೂತಿ ಹಾಕಿತು. ಹಲಗೆಯ ಮೇಲೆ ನೀರು ನುಗ್ಗಿ ನನ್ನ ಮೊಣಕಾಲು ಮುಟ್ಟಿತು. ಆಸನದ ಮೆತ್ತೆಯೊಂದು ತೇಲುತ್ತ ನನ್ನ ಪಕ್ಕದಿಂದ ಹಾದು ಹೋಯಿತು.

"ಹಿಂದೆ! ಎಲ್ಲರೂ ಹಿಂದೆ!" ಎಂದು ಈಜಿಪ್ಟಿನವ ಕಿರುಚಿದ. ಉಳಿದವರು ಹಿಂದಕ್ಕೆ ಓಡಿದರು. ನಾನು ಕಂಬಿಯನ್ನು ಅಪ್ಪಿಕೊಂಡು ನಿಂತಲ್ಲೇ ಮರಗಟ್ಟಿದೆ. ಹಿಂದೆ ಹೋಗಬೇಕೆಂದು ತಿಳಿಯುತ್ತಿತ್ತು, ಕೈ ಬಿಡುತ್ತಿರಲಿಲ್ಲ. ಬಾಯಿಂದ "ಉಮ್ಮಾ, ಉಮ್ಮಾ" ಎಂದಷ್ಟೇ ಬರುತ್ತಿತ್ತು. ಕಫೀಲರು ಮರಳಿ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಕಂಬಿಯಿಂದ ಬಿಡಿಸಿ ಹಿಂದಕ್ಕೆ ಎಳೆದುಕೊಂಡು ಹೋದರು. ಮೂತಿ ಮೇಲೆದ್ದಿತು. ನೀರು ಇಕ್ಕೆಲದಿಂದ ಸುರಿದು ಹೋಯಿತು.

"ಈಜು ಬರುತ್ತದೆಯಾ?" ಎಂದು ಕೇಳಿದರು.

"ಇಲ್ಲ."

ಅವರು ಜಾಕೆಟ್ ಹೊರಗೆಳೆದು ನನಗೆ ತೊಡಿಸಿ ತಾವೇ ಕೊಂಡಿ ಹಾಕಿದರು. ದೋಣಿ ದಡಕ್ಕೆ ತಿರುಗಿತು.

ಧಕ್ಕೆಯ ಮೇಲೆ ಕಫೀಲರು ತಾಯಿಯ ಎದುರಿಗೇ ಕೇಳಿದರು: "ದೋಣಿಯ ವಿಷಯವಾದರೂ ಗೊತ್ತಾ?"

"ಏನೂ ಗೊತ್ತಿಲ್ಲ ಮುದೀರ್. ಅಂದು ಸುಳ್ಳು ಹೇಳಿದೆ."

ಕಿರಿಯ ಮಗ ನಕ್ಕ. ಕಫೀಲರು ನಗಲಿಲ್ಲ. ಮುದುಕಿ ನನ್ನ ಒದ್ದೆ ಪ್ಯಾಂಟನ್ನು ನೋಡಿದರು. "ನೀನೇ ಹೇಳು ಮಗಾ, ನಾನು ಅದರಲ್ಲಿ ಹೋಗಬಹುದಾ?" ಎಂದು ಕೇಳಿದರು.

"ಚಿಕ್ಕದರಲ್ಲಿ ಬೇಡ ಖಾಲಾ. ದೊಡ್ಡದರಲ್ಲಾದರೂ ಅಳಿವೆಯ ಹೊರಗೆ ಬೇಡ. ಹದಿನಾಲ್ಕು ಜನ ಹತ್ತುವುದೂ ಬೇಡ." ಕಳೆದುಕೊಳ್ಳಲು ಇನ್ನೇನೂ ಉಳಿದಿಲ್ಲ ಎಂದುಕೊಂಡು ಅಷ್ಟನ್ನೂ ಒಂದೇ ಉಸಿರಿಗೆ ಹೇಳಿದ್ದೆ.

ದೊಡ್ಡ ದೋಣಿಯನ್ನು ಧಕ್ಕೆಗೆ ತಂದರು. ಒಳಗೇ ಒಂದು ಸುತ್ತು ಹಾಕೋಣ, ಅಮ್ಮನೂ ಬರಲಿ ಎಂದು ಕಫೀಲರು ನಿರ್ಧರಿಸಿದರು. ಮಕ್ಕಳಿಬ್ಬರೂ ಹಿಂದಿನಿಂದ ಗಾಲಿಕುರ್ಚಿ ತಳ್ಳಿದರು. ನಾನು ದೂರ ನಿಂತು ನೋಡುತ್ತಿದ್ದೆ. ದೋಣಿಯನ್ನು ಹಿಂಬದಿಯ ಒಂದೇ ಹಗ್ಗದಲ್ಲಿ ಕಟ್ಟಿದ್ದರು. ಕುರ್ಚಿಯ ಮುಂದಿನ ಗಾಲಿಗಳು ಹಲಗೆಯ ಮೇಲೆ ಹತ್ತಿದ್ದವು, ಹಿಂದಿನವು ಇನ್ನೂ ಧಕ್ಕೆಯ ಮೇಲಿದ್ದವು. ಆಗಲೇ ಗಾಳಿ ಬೀಸಿತು. ಅಷ್ಟು ದೊಡ್ಡ ಮೈಗೆ, ಮೇಲೆ ಬಿಸಿಲಿಗೆ ಕಟ್ಟಿದ ಬಟ್ಟೆಯ ಮಾಡಿಗೆ ಗಾಳಿ ಸಿಕ್ಕಿ ದೋಣಿಯ ಮುಂಭಾಗ ಧಕ್ಕೆಯಿಂದ ಸರಿಯತೊಡಗಿತು. ನಡುವೆ ಒಂದು ಗೇಣು ನೀರು ಕಂಡಿತು, ಆಮೇಲೆ ಒಂದು ಮೊಳ. ಕುರ್ಚಿ ಮುಂದಕ್ಕೆ ವಾಲಿತು. ಮುದುಕಿ ಕುರ್ಚಿಯ ತೋಳು ಹಿಡಿದುಕೊಂಡರು.

ನಾನು ಯಾವಾಗ ಓಡಿದೆನೋ ನೆನಪಿಲ್ಲ. ಧಕ್ಕೆಯ ಮೇಲೆ ಹೊಟ್ಟೆಯಡಿಯಾಗಿ ಬಿದ್ದು ಎರಡೂ ಕೈಗಳಿಂದ ಹಿಂದಿನ ಗಾಲಿ ಹಿಡಿದಿದ್ದೆ. ಮುಖದ ಕೆಳಗೇ ಹಸಿರು ನೀರಿತ್ತು. "ಎಳೀರಿ! ಎಳೀರಿ!" ಎಂದು ನಮ್ಮ ಭಾಷೆಯಲ್ಲೇ ಕೂಗುತ್ತಿದ್ದೆ. ಯಾರಿಗೂ ಅರ್ಥವಾಗದಿದ್ದರೂ ಮಕ್ಕಳಿಬ್ಬರೂ ಹಿಡಿಯನ್ನು ಜಗ್ಗಿದರು. ಕುರ್ಚಿ ಧಕ್ಕೆಗೆ ಮರಳಿತು. ನನ್ನ ಬೆರಳು ಗಾಲಿಯ ಕಡ್ಡಿಗೆ ಸಿಕ್ಕಿ ಚರ್ಮ ಕಿತ್ತು ಬಂದಿತ್ತು. ಮುದುಕಿ ತಮ್ಮ ತಲೆವಸ್ತ್ರ ಸರಿಪಡಿಸಿಕೊಂಡು, "ಇವತ್ತು ಸಾಕು" ಎಂದರು.

ಜಿದ್ದಾಕ್ಕೆ ಮರಳಿದೆವು. ಅದಾದ ಮೇಲೆ ಹದಿನೆಂಟು ದಿನ ಕಫೀಲರು ಸಲಾಮಿಗೆ ಸಲಾಮು ಹೇಳಿದ್ದು ಬಿಟ್ಟರೆ ನನ್ನೊಡನೆ ಮಾತಾಡಲಿಲ್ಲ. ಅವರ ಕೋಣೆಯ ಬಾಗಿಲು ತೆರೆದರೆ ಕರೆಯಬಹುದೆಂದು ಎದ್ದು ನಿಲ್ಲುತ್ತಿದ್ದೆ. ಹೆಂಡತಿ ನನಗೆ ಹೇಳದೆ ಸೂಟ್‌ಕೇಸುಗಳ ಧೂಳು ಒರೆಸಿಟ್ಟಿದ್ದಳು. ಮಗಳಿಗೆ ಊರಿನ ಶಾಲೆಯಲ್ಲಿ ಸೀಟು ಸಿಗುತ್ತದೆಯೇ ಎಂದು ತನ್ನ ಅಣ್ಣನಿಗೆ ಫೋನು ಮಾಡಿ ಕೇಳಿದ್ದಳು.

ಹತ್ತೊಂಬತ್ತನೆಯ ದಿನ ಭಟ್ಕಳದ ಹಿರಿಯರು ನನ್ನ ಮೇಜಿನ ಮೇಲೆ ಹೊಸ ಇಕಾಮಾ ಕಾರ್ಡು ಇಟ್ಟರು. "ತಕೋ. ದೊಡ್ಡದನ್ನೇ ತಕೊಂಡ್ರಂತೆ" ಎಂದರು.

"ನನ್ನ ಬಗ್ಗೆ ಎಂತ ಹೇಳಿದ್ರು ಭಾಯಿ?"

"ಎಂತ ಇಲ್ಲ. ಎರಡೂ ಕಡೆ ಹಗ್ಗ ಕಟ್ಟದೆ ಯಾರನ್ನೂ ಹತ್ತಿಸಬಾರದು, ಎಂಟರ ಮೇಲೆ ಒಬ್ಬರೂ ಬೇಡ ಅಂತ ಮಕ್ಕಳಿಗೆ ಹೇಳಿದ್ದಾರಂತೆ. ಮತ್ತೆ, ಮುದುಕಿ ಹೋಗುವ ದಿನ ನೀನೂ ಬರಬೇಕಂತೆ."

ಬೇಡವೆನ್ನಬಹುದಿತ್ತೇನೋ. ಹೋದೆ. ಚಳಿಗಾಲದ ಒಂದು ಮಧ್ಯಾಹ್ನ ಮುಂದಿನ ಹಗ್ಗ, ಹಿಂದಿನ ಹಗ್ಗ ಎರಡನ್ನೂ ನಾನೇ ಎಳೆದು ನೋಡಿದೆ. ಹತ್ತಿದವರನ್ನು ಎರಡೆರಡು ಸಲ ಎಣಿಸಿದೆ. ಎಲ್ಲರಿಗೂ ಜಾಕೆಟ್ ಇತ್ತು. ಮುದುಕಿಯ ಕುರ್ಚಿಯನ್ನು ನಟ್ಟನಡುವೆ ನಿಲ್ಲಿಸಿ ಗಾಲಿಗಳನ್ನು ಕಟ್ಟಿದೆವು. ಅವರು ದಡದ ಮನೆಗಳನ್ನು, ಖರ್ಜೂರದ ಮರಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ದೋಣಿ ನಡೆಸುವವನ ಕಡೆ ತಿರುಗಿ, "ಯಲ್ಲಾ, ಸ್ವಲ್ಪ ಜೋರಾಗಿ ಬಿಡು" ಎಂದರು.

ಕೊಳವೆಗಳ ಕೆಳಗೆ ನೀರು ಮೊರೆಯಿತು. ನಾನು ಕಂಬಿ ಹಿಡಿದು ಕಣ್ಣು ಮುಚ್ಚಿ ನನಗೆ ಬರುವ ದುಆಗಳನ್ನೆಲ್ಲ ಹೇಳಿ ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದೆ. ಇಳಿದ ಮೇಲೆ ಧಕ್ಕೆಯ ಕಲ್ಲಿನ ಮೇಲೆ ಕೂತೆ. ಎದ್ದು ನಿಲ್ಲುವ ಹೊತ್ತಿಗೆ ಇಳಿಹೊತ್ತಿನ ಅಸರ್ ನಮಾಜಿನ ಬಾಂಗು ಕೇಳಿಸುತ್ತಿತ್ತು.